ಹಳೆಯ ಸ್ಪೋರ್ಟ್ಸ್ ಕಾರುಗಳ ಬ್ರೇಕ್ ಮತ್ತು ಚಕ್ರಗಳ ಬದಲಾವಣೆ: ನೋಂದಣಿ ನವೀಕರಣದ ಅರ್ಜಿದಾರರಿಗೆ ಮಾಹಿತಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಹಾಗೂ ಸುತ್ತಮುತ್ತಲಿನ ಬಡಾವಣೆಗಳಲ್ಲಿ ವಾಸವಾಗಿರುವ, ಹದಿನೈದು ವರ್ಷ ಮೀರಿದ ಖಾಸಗಿ ಕಾರುಗಳ ಮಾಲೀಕರು ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವ ಮುನ್ನ ವಾಹನದ ಬ್ರೇಕ್ ಮತ್ತು ಚಕ್ರಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಹವ್ಯಾಸಕ್ಕಾಗಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಉಳಿಸಿಕೊಂಡಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರಲಾಗಿದೆ.

ಮೋಟಾರು ವಾಹನಗಳ ಕಾಯ್ದೆಯಲ್ಲಿ ಸ್ಪೋರ್ಟ್ಸ್ ಕಾರು ಎಂಬ ಪ್ರತ್ಯೇಕ ವರ್ಗವಿಲ್ಲ. ನೋಂದಣಿ ಪ್ರಮಾಣ ಪತ್ರದಲ್ಲಿ ಇಂತಹ ವಾಹನವೂ ಮೋಟಾರು ಕಾರು ಎಂದೇ ನಮೂದಾಗಿರುತ್ತದೆ. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್ ಇದಕ್ಕೆ ಹತ್ತಿರದ ಉದಾಹರಣೆ. ಇದು ಎರಡೇ ಆಸನಗಳಿರುವ, ಮೇಲ್ಛಾವಣಿ ತೆರೆಯಬಹುದಾದ, ಫೈಬರ್‌ಗ್ಲಾಸ್ ಮೈಯ ಕಾರು. ಇದರಲ್ಲಿರುವುದು ರೆನೊ ಸಂಸ್ಥೆಯ 1149 ಸಿಸಿ ಎಂಜಿನ್. 2000ದ ಆಸುಪಾಸಿನ ಹೋಂಡಾ ಸಿಟಿ ವಿಟೆಕ್, 2001ರಲ್ಲಿ ಬಂದ ಫಿಯೆಟ್ ಪಾಲಿಯೊ 1.6 ಮುಂತಾದವನ್ನೂ ಅವುಗಳ ವೇಗಕ್ಕಾಗಿ ಇಷ್ಟಪಟ್ಟು ಇಟ್ಟುಕೊಂಡವರಿದ್ದಾರೆ. ಈ ಕಾರುಗಳ ತಯಾರಿಕೆ ನಿಂತು ವರ್ಷಗಳಾಗಿವೆ. ಮೂಲ ಬಿಡಿಭಾಗ ಸುಲಭವಾಗಿ ದೊರೆಯದಿದ್ದಾಗ ಬೇರೆ ಕಾರಿನ ಡಿಸ್ಕ್, ಕ್ಯಾಲಿಪರ್, ದೊಡ್ಡ ಅಲಾಯ್ ವೀಲ್‌ಗಳನ್ನು ಹೊಂದಿಸುವ ಆಲೋಚನೆ ಮಾಲೀಕರಿಗೆ ಬರುವುದು ಸಹಜ. ಸಮಸ್ಯೆ ಆರಂಭವಾಗುವುದೂ ಅಲ್ಲಿಂದಲೇ.

ಬದಲಿ ಮತ್ತು ಮಾರ್ಪಾಡು

ಸವೆದ ಭಾಗವನ್ನು ತೆಗೆದು ಅದೇ ಅಳತೆಯ, ಅದೇ ಗುಣಮಟ್ಟದ ಹೊಸ ಭಾಗವನ್ನು ಅಳವಡಿಸುವುದು ಬದಲಿ. ಇದಕ್ಕೆ ಇಲಾಖೆಯ ಅನುಮತಿ ಬೇಕಾಗಿಲ್ಲ. ಇದು ಮಾಲೀಕರ ಕರ್ತವ್ಯವೂ ಹೌದು. ತಯಾರಕರು ನಿಗದಿಪಡಿಸಿದ ವಿನ್ಯಾಸವನ್ನೇ ಬದಲಾಯಿಸುವುದು ಮಾರ್ಪಾಡು. ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ನೀಡಿದ ತೀರ್ಪು ಈ ಕಲಮಿನ ಅರ್ಥವನ್ನು ಇನ್ನಷ್ಟು ಬಿಗಿಗೊಳಿಸಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯ ಮೂಲಕ ಸೇರಿಸಲಾದ ಕಲಂ 182ಎ, ಅನುಮತಿಯಿಲ್ಲದ ಮಾರ್ಪಾಡಿಗಾಗಿ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಇವೆರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ಇಲ್ಲಿ ಅರ್ಜಿದಾರರು ಸಾಮಾನ್ಯವಾಗಿ ಎತ್ತುವ ವಾದವೊಂದಿದೆ. ಖಾಸಗಿ ಕಾರಿನ ನೋಂದಣಿ ಪ್ರಮಾಣ ಪತ್ರದಲ್ಲಿ ಎಂಜಿನ್ ಸಂಖ್ಯೆ, ಚಾಸಿಸ್ ಸಂಖ್ಯೆ, ಆಸನಗಳ ಸಂಖ್ಯೆ, ತೂಕ ಮುಂತಾದವು ಇರುತ್ತವೆಯೇ ಹೊರತು ಬ್ರೇಕ್ ಡಿಸ್ಕಿನ ವ್ಯಾಸ ಇರುವುದಿಲ್ಲ. ಟೈರಿನ ಅಳತೆಯೂ ಬಹುಮಟ್ಟಿಗೆ ಇರುವುದಿಲ್ಲ. ಆದ್ದರಿಂದ ಅವುಗಳನ್ನು ಬದಲಾಯಿಸಿದರೆ ತಪ್ಪೇನು ಎಂಬುದು ಆ ವಾದ. ಪ್ರಮಾಣ ಪತ್ರದಲ್ಲಿ ನಮೂದಿಲ್ಲದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಬ್ರೇಕ್‌ಗಳು ಕೇಂದ್ರ ಮೋಟಾರು ವಾಹನ ನಿಯಮಗಳು 1989ರ ನಿಯಮ 96ಕ್ಕೆ ಒಳಪಟ್ಟಿವೆ. ಟೈರ್‌ಗಳ ಸ್ಥಿತಿ ಮತ್ತು ಅಳತೆಗೆ ನಿಯಮ 94 ಮತ್ತು 95 ಅನ್ವಯಿಸುತ್ತವೆ. ವಾಹನದಿಂದ ಸಾರ್ವಜನಿಕರಿಗೆ ಅಪಾಯವಾಗುವುದೆಂದು ಕಂಡುಬಂದಲ್ಲಿ ಕಲಂ 53ರ ಅಡಿ ನೋಂದಣಿಯನ್ನೇ ಅಮಾನತ್ತಿನಲ್ಲಿಡಬಹುದು. ಮತ್ತೆ ದೊರೆಯಲಾರದ ಕಾರೊಂದರ ಮಾಲೀಕರಿಗೆ ದಂಡದ ಮೊತ್ತಕ್ಕಿಂತ ಇದು ದೊಡ್ಡ ನಷ್ಟ.

ಅದೇ ಮಾದರಿಯ ಮತ್ತೊಂದು ಆವೃತ್ತಿಗೆ ತಯಾರಕರೇ ಒದಗಿಸಿದ್ದ ಚಕ್ರ ಅಥವಾ ಬ್ರೇಕ್ ಅನ್ನು ಅಳವಡಿಸಿದ್ದಲ್ಲಿ, ಕಾರಿನೊಂದಿಗೆ ಬಂದ ಮಾಲೀಕರ ಕೈಪಿಡಿ ಅಥವಾ ತಯಾರಕರ ಬಿಡಿಭಾಗಗಳ ಪಟ್ಟಿಯನ್ನು ನಿರೀಕ್ಷಕರಿಗೆ ತೋರಿಸಬಹುದು. ಬೇರೆ ಸಂಸ್ಥೆಯ, ಬೇರೆ ತೂಕದ ಕಾರಿನಿಂದ ತಂದ ಭಾಗಕ್ಕೆ ಇಂತಹ ಆಧಾರವಿರುವುದಿಲ್ಲ. ಕೈಪಿಡಿ ಕಳೆದುಹೋಗಿದ್ದಲ್ಲಿ ಅದರ ಪ್ರತಿಯೊಂದನ್ನು ಈಗಲೇ ಹುಡುಕಿಟ್ಟುಕೊಳ್ಳುವುದು ಒಳ್ಳೆಯದು.

ದೊಡ್ಡ ಬ್ರೇಕ್ ಎಂದರೆ ಬೇಗ ನಿಲ್ಲುವುದೇ?

ಬಹುಪಾಲು ಮಾಲೀಕರು ದೊಡ್ಡ ಬ್ರೇಕ್ ಅಳವಡಿಸುವುದು ಸುರಕ್ಷತೆಯ ಉದ್ದೇಶದಿಂದಲೇ. ಉದ್ದೇಶ ಸರಿಯಾದದ್ದು. ಆದರೆ ಕಾರನ್ನು ಕೊನೆಗೆ ನಿಲ್ಲಿಸುವುದು ಡಿಸ್ಕ್ ಅಲ್ಲ. ರಸ್ತೆಯ ಮೇಲೆ ಟೈರಿನ ಹಿಡಿತ. ಪೆಡಲನ್ನು ಗಟ್ಟಿಯಾಗಿ ಒತ್ತಿದಾಗ ಚಕ್ರವು ಸುತ್ತುವುದನ್ನು ನಿಲ್ಲಿಸಿ ಜಾರುವ ಮಟ್ಟಕ್ಕೆ ಬರುವುದಾದರೆ ಆ ಬ್ರೇಕಿಗೆ ಸಾಕಷ್ಟು ಬಲವಿದೆ ಎಂದೇ ಅರ್ಥ. ಅದಕ್ಕಿಂತ ದೊಡ್ಡ ಬ್ರೇಕ್ ಹಾಕಿದರೆ ಚಕ್ರ ಇನ್ನೂ ಬೇಗ ಜಾರೀತೇ ಹೊರತು ಕಾರು ಬೇಗ ನಿಲ್ಲದು. ದೊಡ್ಡ ಡಿಸ್ಕಿನ ನಿಜವಾದ ಪ್ರಯೋಜನ ಶಾಖವನ್ನು ತಾಳುವುದರಲ್ಲಿದೆ. ದೇವರಾಯನದುರ್ಗದಂತಹ ಬೆಟ್ಟದ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಬೇಕಾದಾಗ ಅದು ತಿಳಿಯುತ್ತದೆ. ಅಂತಹ ಕಡೆ ಕಡಿಮೆ ಗೇರಿನಲ್ಲಿ ಇಳಿಯುವುದರಿಂದ ಮೂಲ ಬ್ರೇಕ್‌ಗಳಿಗೂ ಆ ಹೊರೆ ತಪ್ಪುತ್ತದೆ.

ವೇಗ ಎರಡು ಪಟ್ಟಾದರೆ ಬ್ರೇಕ್ ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ವೆಸ್ಟ್ ಆಫ್ ಕಾರ್ಡ್ ರಸ್ತೆಯ ದಟ್ಟಣೆಯಲ್ಲಿ ಇಪ್ಪತ್ತು, ಮೂವತ್ತು ಕಿಲೋಮೀಟರ್ ವೇಗದಲ್ಲಿ ಚೆನ್ನಾಗಿಯೇ ಇದೆಯೆನಿಸುವ ಬ್ರೇಕ್, ಕೆಂಗೇರಿ ದಾಟಿ ಮೈಸೂರು ಹೆದ್ದಾರಿಯಲ್ಲಿ 100 ಕಿಲೋಮೀಟರ್ ವೇಗಕ್ಕೆ ಸಾಲದೆ ಹೋಗಬಹುದು. ಲೆಕ್ಕ ಹೀಗಿದೆ: ಗಂಟೆಗೆ 100 ಕಿಲೋಮೀಟರ್ ವೇಗದ ಕಾರಿನ ವೇಗವು ಪ್ರತಿ ಸೆಕೆಂಡಿಗೆ 7 ಮೀಟರ್ ಪ್ರಮಾಣದಲ್ಲಿ ಇಳಿದರೆ ಅದು ಸುಮಾರು 55 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಯಾದ ಹಳೆಯ ಟೈರ್, ಸವೆದ ಪ್ಯಾಡ್‌ಗಳಿಂದ ಅದೇ ಪ್ರಮಾಣ 5 ಮೀಟರಿಗೆ ಇಳಿದರೆ ನಿಲ್ಲಲು ಸುಮಾರು 77 ಮೀಟರ್ ಬೇಕು. ಚಾಲಕರ ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಕಾರು 28 ಮೀಟರ್ ಸಾಗುವುದು ಬೇರೆ. ಆ 22 ಮೀಟರ್ ವ್ಯತ್ಯಾಸವನ್ನು ಬಹುಮಟ್ಟಿಗೆ ಹೊಸ ಟೈರ್ ಮತ್ತು ಸರಿಯಾದ ಬದಲಿ ಭಾಗಗಳಿಂದಲೇ ಗಳಿಸಬಹುದು. ಅದಕ್ಕೆ ಮಾರ್ಪಾಡು ಬೇಕಿಲ್ಲ.

ಮುಂದಿನ ಬ್ರೇಕ್ ಒಂದನ್ನೇ ದೊಡ್ಡದು ಮಾಡಿದಾಗ ಮತ್ತೊಂದು ತೊಂದರೆ ಎದುರಾಗುತ್ತದೆ. ದೊಡ್ಡ ಕ್ಯಾಲಿಪರಿನ ಪಿಸ್ಟನ್‌ಗಳಿಗೆ ಹೆಚ್ಚು ಬ್ರೇಕ್ ಆಯಿಲ್ ಬೇಕು. ಹಳೆಯ ಮಾಸ್ಟರ್ ಸಿಲಿಂಡರ್ ಅಷ್ಟನ್ನು ತಳ್ಳಬೇಕಾದರೆ ಪೆಡಲ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ಹಿಂದಿನ ಡ್ರಮ್ ಬದಲಿಗೆ ಡಿಸ್ಕ್ ಹಾಕಿದಾಗಿನ ಅಪಾಯ ಇದಕ್ಕಿಂತ ಗಂಭೀರವಾದದ್ದು. ಬ್ರೇಕ್ ಹಿಡಿದಾಗ ಕಾರಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಸ್ಟಾರ್ಮ್‌ನಂತಹ ಹಗುರ ಮೈಯ ಕಾರಿನಲ್ಲಿ ಹಿಂದಿನ ಚಕ್ರಗಳು ಮೊದಲು ಜಾರಿದರೆ ಕಾರು ನಿಂತಲ್ಲೇ ತಿರುಗಿಬಿಡುತ್ತದೆ, ಮಳೆ ಬಿದ್ದ ರಸ್ತೆಯಲ್ಲಂತೂ ಚಾಲಕರಿಗೆ ಅವಕಾಶವೇ ಉಳಿಯುವುದಿಲ್ಲ. ತಯಾರಕರು ಮುಂದಿನ ಮತ್ತು ಹಿಂದಿನ ಬ್ರೇಕ್‌ಗಳ ಬಲವನ್ನು ಲೆಕ್ಕಹಾಕಿ ಹಂಚಿರುವುದು ಈ ಕಾರಣಕ್ಕೆ. ಹಿಂದಿನ ಡ್ರಮ್ಮನ್ನು ತೆಗೆದವರು ಕೈಬ್ರೇಕಿನ ವ್ಯವಸ್ಥೆಯನ್ನೂ ಕಳೆದುಕೊಂಡಿರುವ ಸಾಧ್ಯತೆ ಇದೆ. ನಿಯಮ 96ರಂತೆ ಕಾರಿಗೆ ಕಾಲುಬ್ರೇಕ್ ಮತ್ತು ಕೈಬ್ರೇಕ್ ಎಂಬ ಎರಡು ಸ್ವತಂತ್ರ ವ್ಯವಸ್ಥೆಗಳು ಇರಲೇಬೇಕು.

ರಂಧ್ರ ಅಥವಾ ಗೀರುಗಳಿರುವ ಡಿಸ್ಕ್‌ಗಳು ನೋಡಲು ಚೆನ್ನ. ಊರೊಳಗಿನ ಓಡಾಟದಲ್ಲಿ ಅವುಗಳಿಂದ ಹೇಳಿಕೊಳ್ಳುವ ಲಾಭವಿಲ್ಲ. ಕಳಪೆ ಎರಕದವು ರಂಧ್ರದ ಅಂಚಿನಲ್ಲಿ ಬಿರುಕು ಬಿಡುತ್ತವೆ. ರೇಸಿಗೆಂದು ಮಾರುವ ಪ್ಯಾಡ್‌ಗಳು ಚೆನ್ನಾಗಿ ಕಾದ ಮೇಲೆ ಮಾತ್ರ ಹಿಡಿಯುತ್ತವೆ. ಮಾಗಡಿ ರಸ್ತೆಯ ಸಿಗ್ನಲ್‌ಗಳ ನಡುವೆ ಅವು ಕಾಯುವುದೇ ಇಲ್ಲ.

ಮಾಡಿಸಲೇಬೇಕಾದ ಕೆಲಸ

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್‌ಗೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕು. ತೇವ ಹೀರಿದ ಮೇಲೆ ಅದಕ್ಕೆ ನಿಗದಿಯಾಗಿರುವ ಕನಿಷ್ಠ ಮಟ್ಟ 155 ಡಿಗ್ರಿ ಮಾತ್ರ. ಡಾಟ್ 3 ದರ್ಜೆಗೆ ಇವು 205 ಮತ್ತು 140. ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ವರ್ಷಕ್ಕೆ ನಾಲ್ಕಾರು ಬಾರಿ ಮಾತ್ರ ಹೊರತೆಗೆಯುವ ಕಾರಿನಲ್ಲೂ ತೇವ ಸೇರುತ್ತಲೇ ಇರುತ್ತದೆ. ಆದ್ದರಿಂದ ಓಡಿದ ಕಿಲೋಮೀಟರ್ ನೋಡದೆ ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಾಯಿಸುವುದು ಸೂಕ್ತ. ಮುಚ್ಚಳದ ಮೇಲೆ ನಮೂದಿಸಿರುವ ದರ್ಜೆಯನ್ನು ಅನುಸರಿಸಬೇಕು. ಡಾಟ್ 5 ಸಿಲಿಕೋನ್ ಆಯಿಲ್ ಆಗಿದ್ದು, ಅದನ್ನು ಇವುಗಳೊಂದಿಗೆ ಬೆರೆಸಕೂಡದು.

ಹಳೆಯ ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ದಾರಿ ಮುಚ್ಚಿರಬಹುದು. ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆದರೆ ಮೊದಲು ಇವನ್ನೂ, ಕ್ಯಾಲಿಪರ್ ಪಿಸ್ಟನ್ ಸಿಕ್ಕಿಕೊಂಡಿದೆಯೇ ಎಂಬುದನ್ನೂ ನೋಡಿಸಿ. ಡಿಸ್ಕಿನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಅದರ ಅಂಚಿನಲ್ಲೋ ನಡುವಿನಲ್ಲೋ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕನ್ನು ಲೇತಿಗೆ ಕೊಟ್ಟು ಮತ್ತೆ ಬಳಸಬಾರದು. ಒಂದೇ ಆಕ್ಸಲ್ಲಿನ ಎರಡೂ ಬದಿಯ ಪ್ಯಾಡ್ ಅಥವಾ ಶೂಗಳನ್ನು ಒಟ್ಟಿಗೇ ಬದಲಾಯಿಸಬೇಕು.

ಹಳೆಯ ಬ್ರೇಕ್ ಶೂಗಳ ಲೈನಿಂಗ್‌ನಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಗ್ಯಾರೇಜಿನಲ್ಲಿ ಡ್ರಮ್ ಬಿಚ್ಚಿ ಕಂಪ್ರೆಸರಿನ ಗಾಳಿಯಿಂದ ಆ ಧೂಳನ್ನು ಊದುವ ರೂಢಿ ಇನ್ನೂ ಉಳಿದಿದೆ. ಆ ಧೂಳು ಶ್ವಾಸಕೋಶ ಸೇರಿದರೆ ವರ್ಷಗಳ ನಂತರ ಮಾರಕ ರೋಗಕ್ಕೆ ಕಾರಣವಾಗಬಹುದು, ಮತ್ತು ಅದನ್ನು ಉಸಿರಾಡುವವರು ಕಾರಿನ ಮಾಲೀಕರಲ್ಲ, ಕೆಲಸದ ಹುಡುಗರು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವಂತೆ ಹೇಳಲು ಮಾಲೀಕರು ಹಿಂಜರಿಯಬಾರದು.

ಚಕ್ರ ಮತ್ತು ಟೈರ್

ಟೈರಿನ ಪಕ್ಕದ ಮೇಲಿರುವ 155/70 ಆರ್13 ಎಂಬ ಬರಹದಲ್ಲಿ 155 ಎಂಬುದು ಮಿಲಿಮೀಟರಿನಲ್ಲಿ ಅಗಲ, 70 ಎಂಬುದು ಅಗಲದ ಶೇಕಡಾವಾರಿನಲ್ಲಿ ಪಕ್ಕದ ಎತ್ತರ, 13 ಎಂಬುದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಈ ಟೈರಿನ ಒಟ್ಟು ವ್ಯಾಸ ಸುಮಾರು 547 ಮಿಲಿಮೀಟರ್. ಇದರ ಬದಲು 165/65 ಆರ್14 ಹಾಕಿದರೆ ವ್ಯಾಸ 570 ಮಿಲಿಮೀಟರಿಗೆ, ಅಂದರೆ ಶೇಕಡಾ 4ಕ್ಕೂ ಹೆಚ್ಚು ಏರುತ್ತದೆ. ಮೀಟರ್ 60 ತೋರಿಸುವಾಗ ಕಾರು ಅದಕ್ಕಿಂತ ಎರಡೂವರೆ ಕಿಲೋಮೀಟರ್ ಹೆಚ್ಚು ವೇಗದಲ್ಲಿರುತ್ತದೆ. ಚಕ್ರ ದೊಡ್ಡದಾದಷ್ಟೂ ಅದೇ ಬ್ರೇಕ್ ರಸ್ತೆಯ ಮೇಲೆ ಉಂಟುಮಾಡುವ ಬಲ ಕಡಿಮೆಯಾಗುತ್ತದೆ. ಅಂದಕ್ಕಾಗಿ ಚಕ್ರ ದೊಡ್ಡದು ಮಾಡಿ, ಅದರಿಂದ ಕುಂದಿದ ಬಲವನ್ನು ಸರಿದೂಗಿಸಲು ಬ್ರೇಕನ್ನೂ ದೊಡ್ಡದು ಮಾಡಲು ಹೊರಡುವವರು ಎರಡು ಬಾರಿ ಖರ್ಚು ಮಾಡುತ್ತಿದ್ದಾರೆ.

ಬೋಲ್ಟ್ ರಂಧ್ರಗಳ ವೃತ್ತದ ಅಳತೆಯಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ಅಪಾಯಕಾರಿ. ಪಾಲಿಯೊ ಕಾರಿನ ನಾಲ್ಕು ಬೋಲ್ಟ್‌ಗಳು 98 ಮಿಲಿಮೀಟರ್ ವೃತ್ತದ ಮೇಲಿವೆ. ಹೋಂಡಾ ಸಿಟಿಯ ವೃತ್ತ 100 ಮಿಲಿಮೀಟರ್. ಕೇವಲ 2 ಮಿಲಿಮೀಟರ್ ವ್ಯತ್ಯಾಸವಾದ್ದರಿಂದ ಒಂದರ ಚಕ್ರ ಮತ್ತೊಂದಕ್ಕೆ ಬಲವಂತವಾಗಿ ಕೂರುತ್ತದೆ, ಬಿಗಿಯಾದಂತೆಯೂ ಕಾಣುತ್ತದೆ. ವಾಸ್ತವದಲ್ಲಿ ಬೋಲ್ಟ್‌ಗಳು ಓರೆಯಾಗಿ ಕುಳಿತಿರುತ್ತವೆ. ಓಡುವಾಗ ಸಡಿಲಗೊಂಡು ಚಕ್ರ ಕಳಚಬಹುದು. ಅಂಗಡಿಯಲ್ಲಿ ಸರಿಹೊಂದುತ್ತದೆ ಎಂದ ಮಾತ್ರಕ್ಕೆ ಒಪ್ಪದೆ ಅಳತೆಯನ್ನು ಬರೆದು ತೋರಿಸಲು ಕೇಳಿ. ಹಬ್ಬಿನ ನಡುವಿನ ರಂಧ್ರ, ನಟ್ಟು ಕೂರುವ ಗುಳಿಯ ಆಕಾರ, ಚಕ್ರ ಹೊರಚಾಚುವ ಪ್ರಮಾಣ ಇವೂ ಹೊಂದಬೇಕು. ಚಕ್ರ ಮಡ್‌ಗಾರ್ಡಿನಿಂದ ಹೊರಗೆ ಚಾಚಿದರೆ ಬೇರಿಂಗ್ ಬೇಗ ಹಾಳಾಗುತ್ತದೆ, ಸ್ಟೀರಿಂಗ್ ಎಳೆಯುತ್ತದೆ.

ಟೈರ್ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಅಲಾಯ್ ವೀಲ್‌ನ ಹಿಂಬದಿಯಲ್ಲಿ ಗುಣಮಟ್ಟದ ಗುರುತು ಮತ್ತು ಅದು ಹೊರಬಲ್ಲ ಭಾರ ಅಚ್ಚಾಗಿರಬೇಕು. ಏನೂ ಇಲ್ಲದ ಚಕ್ರವನ್ನು ಅಗ್ಗವೆಂದು ಕೊಳ್ಳಬೇಡಿ. ಬಿರುಕಿಗೆ ಬೆಸುಗೆ ಹಾಕಿ ಬಣ್ಣ ಬಳಿದ ಚಕ್ರ ಯಾವ ಬೆಲೆಗೂ ಬೇಡ. ಟೈರಿನ ಮೇಲಿನ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2319 ಎಂದಿದ್ದರೆ 2019ರ 23ನೆಯ ವಾರ. ಕಾರುಗಳಿಗೆ ಕನಿಷ್ಠ ಗೀರಿನ ಆಳ 1.6 ಮಿಲಿಮೀಟರ್. ಶೆಡ್ಡಿನಲ್ಲಿ ನಿಂತೇ ಇರುವ ಕಾರಿನ ಟೈರಿಗೆ ಗೀರು ಪೂರ್ತಿ ಇದ್ದು ರಬ್ಬರ್ ಸತ್ತಿರುವುದು ಸಾಮಾನ್ಯ. ಪಕ್ಕದಲ್ಲಿ ಸಣ್ಣ ಬಿರುಕುಗಳಿದ್ದರೆ ಆಳ ಅಳೆಯುವ ಅಗತ್ಯವೇ ಇಲ್ಲ, ಬದಲಾಯಿಸಿ. ಸ್ಟೆಪ್ನಿಯನ್ನು ಮರೆಯಬೇಡಿ.

ತಪಾಸಣೆಯ ದಿನ ಮತ್ತು ಅದರ ನಂತರ

ತಪಾಸಣೆಯ ದಿನಕ್ಕೆ ಮಾತ್ರ ಮೂಲ ಚಕ್ರಗಳನ್ನು ಹಾಕಿ, ಮರುದಿನ ತೆಗೆಯುವ ಪದ್ಧತಿ ಇಲಾಖೆಗೆ ತಿಳಿಯದ ಸಂಗತಿಯೇನಲ್ಲ. ನಿರೀಕ್ಷಕರ ಕಣ್ಣು ತಪ್ಪಿಸಬಹುದು. ಅಪಘಾತವಾದ ಮೇಲೆ ವಿಮಾ ಸಂಸ್ಥೆಯ ಸರ್ವೇಯರ್ ಕಾರನ್ನು ಅದು ಇದ್ದ ಸ್ಥಿತಿಯಲ್ಲೇ ನೋಡುತ್ತಾರೆ. ವಿಮಾ ಸಂಸ್ಥೆಗೆ ತಿಳಿಸದ ಮಾರ್ಪಾಡು ಪರಿಹಾರದ ವಿವಾದಕ್ಕೆ ಎಡೆಮಾಡಿಕೊಡುತ್ತದೆ. ದೋಷವಿರುವುದು ತಿಳಿದೂ ವಾಹನ ಓಡಿಸಿ ಯಾರಿಗಾದರೂ ಗಾಯವಾದಲ್ಲಿ ಕಲಂ 190 ಅನ್ವಯವಾಗುತ್ತದೆ.

ಈಗಾಗಲೇ ಮಾರ್ಪಾಡಾಗಿರುವ ಕಾರನ್ನು ಕೊಂಡವರು ಹಿಂದಿನ ಮಾಲೀಕರಲ್ಲಿ ಮೂಲ ಚಕ್ರ, ಹಬ್, ಡ್ರಮ್‌ಗಳು ಉಳಿದಿವೆಯೇ ಎಂದು ಮೊದಲು ವಿಚಾರಿಸಬೇಕು. ಜೆ.ಸಿ. ರಸ್ತೆಯಲ್ಲಿ ಹುಡುಕಿ ಹೊಂದಿಸುವುದಕ್ಕಿಂತ ಅದು ಸುಲಭ. ಮೂಲ ಸ್ಥಿತಿಗೆ ತಂದ ನಂತರವೇ ಅರ್ಜಿ ಸಲ್ಲಿಸುವುದು ಸೂಕ್ತ.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷ ಮಾನ್ಯವಾಗಿದ್ದು, ನಂತರ ಐದೈದು ವರ್ಷಕ್ಕೆ ನವೀಕರಿಸಲಾಗುತ್ತದೆ. ಅವಧಿ ಮುಗಿಯುವ ಮುನ್ನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. 2022ರ ಏಪ್ರಿಲ್ 1ರಿಂದ ಲಘು ಮೋಟಾರು ವಾಹನಗಳ ನವೀಕರಣ ಶುಲ್ಕ 5,000 ರೂಪಾಯಿ ಆಯಿತು. 2025ರ ಆಗಸ್ಟ್ ತಿಂಗಳ ಅಧಿಸೂಚನೆಯು 20 ವರ್ಷ ಮೀರಿದ ಲಘು ಮೋಟಾರು ವಾಹನಗಳಿಗೆ ಇದನ್ನು 10,000 ರೂಪಾಯಿಗೂ, ಆಮದು ಮಾಡಿಕೊಂಡ ನಾಲ್ಕು ಚಕ್ರದ ವಾಹನಗಳಿಗೆ 80,000 ರೂಪಾಯಿಗೂ ಏರಿಸಿತು. ತಡವಾದರೆ ಹೆಚ್ಚುವರಿ ಶುಲ್ಕವಿದೆ. ಪಾವತಿಗೆ ಮುನ್ನ ವಾಹನ್ ಪೋರ್ಟಲ್‌ನಲ್ಲಿ ತೋರಿಸುವ ಮೊತ್ತವನ್ನು ಪರಿಶೀಲಿಸಿಕೊಳ್ಳಬೇಕು.

2021ರಲ್ಲಿ ಜಾರಿಗೆ ಬಂದ ವಿಂಟೇಜ್ ವಾಹನ ನೋಂದಣಿಯ ನಿಯಮಗಳನ್ನು ಕುರಿತು ಅನೇಕರು ವಿಚಾರಿಸುತ್ತಾರೆ. ಅವು 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದಿರುವ ವಾಹನಗಳಿಗೆ ಮಾತ್ರ. ಹಾಗೆ ನೋಂದಾಯಿತವಾದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1990ರ ದಶಕದ ಕಾರುಗಳಿಗೆ ಅದು ಇನ್ನೂ ದೂರದ ಮಾತು.

ರಾಜಾಜಿನಗರದ ಬೆಂಗಳೂರು ಪಶ್ಚಿಮ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಕೇತ ಕೆಎ-02, ಜ್ಞಾನಭಾರತಿ ಕಚೇರಿಯದು ಕೆಎ-41. ಅರ್ಜಿದಾರರು ತಮ್ಮ ಈಗಿನ ವಾಸಸ್ಥಳದ ವ್ಯಾಪ್ತಿಯ ಕಚೇರಿಯನ್ನು ಪೋರ್ಟಲ್‌ನಲ್ಲಿ ಖಚಿತಪಡಿಸಿಕೊಂಡು, ವಿಳಾಸ ಬದಲಾಗಿದ್ದಲ್ಲಿ ಮೊದಲು ಅದನ್ನು ತಿದ್ದಿಸಿಕೊಳ್ಳತಕ್ಕದ್ದು. ತಪಾಸಣೆಗೆ ಬರುವಾಗ ಮೂಲ ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮೆ, ಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ, ಬ್ರೇಕ್ ಮತ್ತು ಟೈರ್ ಕೆಲಸದ ರಸೀದಿಗಳು ಹಾಗೂ ಲಭ್ಯವಿದ್ದಲ್ಲಿ ಮಾಲೀಕರ ಕೈಪಿಡಿಯನ್ನು ಜೊತೆಯಲ್ಲಿ ತರತಕ್ಕದ್ದು.